ಎಳೆ ರಾಗಿ ಪೈರಿನ ಮೇಲೆ ಕೊರಡು

"ನೆಟ್ಟು ಇನ್ನೂ ತಿಂಗಳಾಗಿಲ್ಲ. ಇದರ ಮೇಲೆ ಕೊರಡು ಎಳೀತೀನಿ ಅಂತೀಯಲ್ಲಪ್ಪಾ, ನಿಂಗೆ ಕರುಣೆ ಐತಾ?"

ಅಜ್ಜಿ ಬದುವಿನ ಮೇಲೆ ಅಡ್ಡ ನಿಂತುಬಿಟ್ಟರು. ಎತ್ತು ಹಿಡಿದಿದ್ದ ಅವರ ಮಗ ನನ್ನ ಮುಖ ನೋಡಿದ. "ಅಜ್ಜಿ, ಎರಡು ಸಾಲು ಬಿಟ್ಟುಕೊಡಿ ಸಾಕು. ಮಿಕ್ಕಿದ್ದು ನಿಮ್ಮಿಷ್ಟ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ದಾರಿ ಬಿಟ್ಟರು. ಆದರೆ ಆ ಎರಡು ಸಾಲಿನ ಕಡೆ ತಿರುಗಿಯೂ ನೋಡಲಿಲ್ಲ.

ಅದು ಚಿಕ್ಕನಾಯಕನಹಳ್ಳಿ ಕಡೆಯ ಒಂದು ಊರು. ಕೆಂಪು ಮಣ್ಣು, ಮಳೆಯನ್ನೇ ನಂಬಿದ ಹೊಲ. ಗುಳಿ ರಾಗಿ ಹೇಳಿಕೊಡಲು ಹೋಗಿದ್ದೆ. ಇದು ನಾನು ಕಂಡುಹಿಡಿದದ್ದಲ್ಲ, ಹಾವೇರಿ ಕಡೆಯ ರೈತರು ಮಾಡಿಕೊಂಡು ಬಂದ ಪದ್ಧತಿ. ಹೊಲದ ಉದ್ದಕ್ಕೂ ಅಡ್ಡಕ್ಕೂ ಒಂದೂವರೆ ಅಡಿಗೊಂದು ಸಾಲು ಹೊಡೆಯಬೇಕು. ಸಾಲು ಕೂಡುವ ಕಡೆ ಗುಳಿ. ಗುಳಿಗೆ ಒಂದು ಹಿಡಿ ಕೊಟ್ಟಿಗೆ ಗೊಬ್ಬರ, ಎರಡು ಎಳೆ ಸಸಿ. ಎರಡೂ ದಿಕ್ಕಿನಲ್ಲಿ ಜಾಗ ಇರುವುದರಿಂದ ಕುಂಟೆಯನ್ನು ಉದ್ದಕ್ಕೂ ಹೊಡೆಯಬಹುದು, ಅಡ್ಡಕ್ಕೂ ಹೊಡೆಯಬಹುದು. ಕಳೆಗೆ ಕೂಲಿ ಕಮ್ಮಿ.

ಆಮೇಲೆ ಕೊರಡು. ಹಗುರವಾದ ಮರದ ದಿಮ್ಮಿಯನ್ನು ಎತ್ತಿಗೆ ಕಟ್ಟಿ ಪೈರಿನ ಮೇಲೆ ಎಳೆಸುವುದು. ಪೈರು ಬಾಗುತ್ತದೆ, ಬುಡಕ್ಕೆ ಮಣ್ಣು ಸೇರುತ್ತದೆ, ಬುಡದಿಂದ ಹೊಸ ತೆಂಡೆ, ಅಂದರೆ ಮರಿ ಕವಲು, ಒಡೆಯುತ್ತದೆ. ಇನ್ನೂ ಕಡ್ಡಿ (ಕಾಂಡ) ಬೆಳೆಯದ ಎಳೆ ಪೈರಿಗೆ ಮಾತ್ರ ಇದು ನಡೆಯುತ್ತದೆ. ಕಡ್ಡಿ ಎದ್ದ ಮೇಲೆ ಎಳೆದರೆ ಮುರಿಯುತ್ತದೆ ಅಷ್ಟೇ. ನಾನು ನೆಟ್ಟ 20 ದಿನಕ್ಕೆ ಮೊದಲ ಸಲ ಎಳೆಸುತ್ತೇನೆ, ವಾರ ಬಿಟ್ಟು ಇನ್ನೊಂದು ಸಲ.

ಬೇರೆಯವರಿಗೆ ಹೇಳುವ ಮೊದಲು ನನ್ನ ಹೊಲದಲ್ಲೇ ಮಾಡಿದ್ದೆ, 10 ಗುಂಟೆಯಲ್ಲಿ. ಮೊದಲ ವರ್ಷ ಸೋತೆ. ಒಟ್ಲು, ಅಂದರೆ ಸಸಿ ಮಡಿ, ಹಾಕಿ ಕೂತೆ, ಮಳೆ ಬರಲಿಲ್ಲ. ಬರುವಷ್ಟರಲ್ಲಿ ಸಸಿಗೆ 40 ದಿನ ದಾಟಿತ್ತು. ಬಿಸಾಕಲು ಮನಸ್ಸಾಗದೆ ಅದನ್ನೇ ನೆಟ್ಟೆ. ತೆಂಡೆ ಒಡೆಯಲೇ ಇಲ್ಲ. ಸಸಿ 20–25 ದಿನದ್ದೇ ಆಗಿರಬೇಕು ಅನ್ನುವುದು ಆಗ ಮನದಟ್ಟಾಯಿತು. ಅಂದಿನಿಂದ ಒಂದೇ ಒಟ್ಲು ನಂಬುವುದಿಲ್ಲ. ವಾರಕ್ಕೊಂದರಂತೆ ಮೂರು ಚಿಕ್ಕ ಒಟ್ಲು ಹಾಕುತ್ತೇನೆ. ಮಳೆ ಒಂದೆರಡು ವಾರ ತಡವಾದರೂ ಅವುಗಳಲ್ಲಿ ಒಂದು ಸರಿಯಾದ ವಯಸ್ಸಿಗೆ ಹತ್ತಿರವಿರುತ್ತದೆ. 10 ಗುಂಟೆಗೆ 4,800ರಷ್ಟು ಗುಳಿ ಬರುತ್ತವೆ. ಬೀಜ ಬೇಕಾಗುವುದು ಬಹಳ ಕಮ್ಮಿ, ಹಾಗಾಗಿ ಎರಡು ಒಟ್ಲು ಹಾಳಾದರೂ ದೊಡ್ಡ ನಷ್ಟವಿಲ್ಲ. ಯಾರಿಗೇ ಹೇಳಿಕೊಡಲಿ, ಮೊದಲು ಹೇಳುವುದು ಈ ಮೂರು ಒಟ್ಲಿನ ಮಾತನ್ನೇ.

ಕಲಿಸುವುದರಲ್ಲೂ ಒಂದು ದೊಡ್ಡ ತಪ್ಪು ಮಾಡಿದೆ. ಮೊದಲ ಎರಡು ಊರಲ್ಲಿ ಸಂಜೆ ಸಮುದಾಯ ಭವನದಲ್ಲಿ ಸಭೆ ಕರೆದೆ. ಗಂಡಸರು ಬಂದರು. ಚಿತ್ರ ತೋರಿಸಿದೆ, ತಲೆ ಆಡಿಸಿದರು. ನಾಟಿ ದಿನ ಹೋಗಿ ನೋಡಿದರೆ ಹೊಲದಲ್ಲಿ ಬಗ್ಗಿ ನಿಂತವರೆಲ್ಲ ಹೆಂಗಸರು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ರೂಢಿಯಂತೆ ಹಿಡಿಗೆ ಬಂದಷ್ಟು ಸಸಿ ಒತ್ತಿಕೊಂಡು ಹೋಗುತ್ತಿದ್ದರು. ಅವರದೇನು ತಪ್ಪು? ಕೈ ಕೆಲಸ ಮಾಡುವವರನ್ನು ಬಿಟ್ಟು ಬೇರೆಯವರಿಗೆ ಪಾಠ ಹೇಳಿದ್ದೆ. ಈಗ ಸಭೆ ಮಾಡುವುದಿಲ್ಲ. ಬೆಳಿಗ್ಗೆ ಕೂಲಿಗೆ ಹೋಗುವ ಮೊದಲೇ ಹೆಂಗಸರನ್ನು ಒಂದು ಹೊಲದಲ್ಲಿ ಸೇರಿಸುತ್ತೇನೆ. ಅವರ ಕೈಯಲ್ಲೇ ಹತ್ತು ಗುಳಿ ನೆಡಿಸುತ್ತೇನೆ. ಅರ್ಧ ಗಂಟೆ ಸಾಕು.

ಇನ್ನೊಂದು ಮಾತು. ಇಡೀ ಹೊಲದಲ್ಲಿ ಮಾಡಿ ಎಂದು ಯಾರಿಗೂ ಹೇಳುವುದಿಲ್ಲ. ಎರಡು ಎಕರೆಯ ರೈತನಿಗೆ ಒಂದು ವರ್ಷ ಬೆಳೆ ಹೋದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ವಿಶ್ವಸಂಸ್ಥೆಯ ಅಂದಾಜಿನ ಪ್ರಕಾರ 2024ರಲ್ಲಿ ಜಗತ್ತಿನ ಸುಮಾರು 67 ಕೋಟಿ ಜನ ಹಸಿದಿದ್ದರು. ಅವರಲ್ಲಿ ಎಷ್ಟೋ ಜನ ಸ್ವತಃ ಬೇಸಾಯ ಮಾಡುವವರೇ. ಊಟ ಬೆಳೆಯುವವನಿಗೇ ಊಟ ಸಾಲದು ಅನ್ನುವುದು ನನಗೆ ತುಂಬಾ ನೋವಿನ ವಿಷಯ. ನಮ್ಮ ರಾಗಿಯ ತವರು ಪೂರ್ವ ಆಫ್ರಿಕಾ. ಇಥಿಯೋಪಿಯಾ, ಉಗಾಂಡಾ ಕಡೆ ಈಗಲೂ ಅದು ಬಡವರ ಹೊಲದ ಬೆಳೆ. ಕೀನ್ಯಾದಲ್ಲಿ ವಿಂಬಿ ಎನ್ನುತ್ತಾರೆ. ಮಡಗಾಸ್ಕರ್‌ನಲ್ಲಿ 1980ರ ದಶಕದಲ್ಲಿ ಶುರುವಾದ ಭತ್ತದ ಶ್ರೀ ಪದ್ಧತಿಯ ಗುಟ್ಟೂ ಇದೇ: ಎಳೆ ಸಸಿ, ದೂರ ದೂರ ನಾಟಿ. ನೀರು, ಬೀಜ, ದುಡ್ಡು ಕಮ್ಮಿ ಇರುವ ಕಡೆ ಮಣ್ಣು ಮತ್ತು ಕೈ ಕೆಲಸದಿಂದಲೇ ಇಳುವರಿ ಹೆಚ್ಚಿಸುವ ದಾರಿಗಳಿವೆ. ಅದಕ್ಕೇ ನಾನು 10 ಗುಂಟೆ ಮಾತ್ರ ಕೇಳುವುದು. ಕೆಟ್ಟರೂ ಮನೆ ಉಳಿಯಬೇಕು.

ಅಜ್ಜಿಯ ಹೊಲಕ್ಕೆ ಹನ್ನೆರಡು ದಿನ ಬಿಟ್ಟು ಹೋದೆ. ಅವರು ಕುಕ್ಕರಗಾಲಲ್ಲಿ ಕೂತು ತೆಂಡೆ ಎಣಿಸುತ್ತಿದ್ದರು. ಕೊರಡು ಎಳೆದ ಸಾಲಿನ ಒಂದು ಬುಡದಲ್ಲಿ 22, ಎಳೆಯದ ಸಾಲಿನಲ್ಲಿ 9. ಮಿಕ್ಕ ಸಾಲಿಗೂ ಎಳೆಸೋಣ ಎಂದು ಮಗನನ್ನು ಕೂಗಿದರು. ತಡವಾಗಿತ್ತು, ಕಡ್ಡಿ ಏಳಲು ಶುರುವಾಗಿತ್ತು. "ಬೇಡ ಅಜ್ಜಿ, ಮುಂದಿನ ವರ್ಷ" ಎಂದು ನಾನೇ ತಡೆಯಬೇಕಾಯಿತು.

ಆಗ ಅವರು ಇನ್ನೊಂದು ಪ್ರಶ್ನೆ ಕೇಳಿದರು. "ಮುದ್ದೆ ಆಯ್ತು ಕಣಪ್ಪಾ, ಸಾರಿಗೇನು? ಅವರೆ ಎಲ್ಲಿ?" ಕೊರಡಿಗೆ ಅಡ್ಡಿಯಾಗುತ್ತದೆಂದು ರಾಗಿಯ ನಡುವೆ ಬೇರೆ ಕಾಳು ಬಿತ್ತುವ ಅಕ್ಕಡಿ ಸಾಲನ್ನೇ ನಾನು ಬಿಡಿಸಿದ್ದೆ. ಅವರೆ, ತೊಗರಿ, ಹುಚ್ಚೆಳ್ಳು ಯಾವುದೂ ಇರಲಿಲ್ಲ. ರಾಗಿ ಇಳುವರಿಯ ಲೆಕ್ಕದಲ್ಲಿ ತಟ್ಟೆಯ ಅರ್ಧ ಭಾಗವನ್ನೇ ಮರೆತಿದ್ದೆ. ಬೇಳೆ ಕಾಳಿಲ್ಲದೆ ಬರೀ ರಾಗಿಯಿಂದ ಮಕ್ಕಳಿಗೆ ಸಾಕಷ್ಟು ಪೋಷಣೆ ಸಿಗುವುದಿಲ್ಲ ಅನ್ನುವುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೂ ಮರೆತಿದ್ದೆ.

ಅಜ್ಜಿ ಸೊಂಟದ ಗಂಟಿನಿಂದ ಅವರೆ ಬೀಜ ತೆಗೆದರು. ಕೊರಡಿನ ಕೆಲಸ ಮುಗಿದಿತ್ತಲ್ಲ, ಆರು ಸಾಲಿಗೊಂದರಂತೆ ಗುಳಿಗಳ ನಡುವೆ ಬೆರಳಿಂದ ತೂತು ಮಾಡಿ ಎರಡೆರಡು ಕಾಳು ಊರುತ್ತಾ ಹೋದರು. ನಾನೂ ಪಕ್ಕದ ಸಾಲು ಹಿಡಿದೆ. ಈಗ ಎಲ್ಲ ಊರಲ್ಲೂ ಕೊನೆಯ ಕೊರಡಾದ ಮಾರನೆಯ ದಿನ ಅವರೆ ಊರಿಸುತ್ತೇನೆ. ಆ ವರ್ಷ ಅಜ್ಜಿಯ 10 ಗುಂಟೆಯಲ್ಲಿ ಮೂರು ಕ್ವಿಂಟಾಲ್ ರಾಗಿ ಆಯಿತು. ಸೋನೆ ಅವರೆ ಬಿಡಿಸುವ ಹೊತ್ತಿಗೆ ನನಗೂ ಒಂದು ಚೀಲ ಕಾಯಿ ಕಳಿಸಿದ್ದರು.