ಅಲೈನ್‌ಮೆಂಟ್ ಕೊನೆಯ ಕೆಲಸ: ಪಿಕಪ್‌ನ ಮುಂಭಾಗದ ದೋಷಗಳನ್ನು ನಾನು ಹುಡುಕಿದ ಬಗೆ

ಕೊಡಗಿನ ನಮ್ಮ ಕಾಫಿ ತೋಟದ ಪಿಕಪ್‌ನ ಮುಂಭಾಗದಲ್ಲಿ ಮೂರು ತೊಂದರೆಗಳು ಒಟ್ಟಿಗೆ ಸೇರಿಕೊಂಡಿದ್ದವು. ಕುಶಾಲನಗರ ದಾಟಿ ರಸ್ತೆ ನೇರವಾದ ಕೂಡಲೇ ಗಾಡಿ ಅತ್ತಿತ್ತ ಅಲೆಯುತ್ತಿತ್ತು; ಸ್ಟಿಯರಿಂಗನ್ನು ಉದ್ದಕ್ಕೂ ತಿದ್ದುತ್ತಲೇ ಇರಬೇಕಿತ್ತು. ತೋಟದ ಮಣ್ಣು ರಸ್ತೆಯಲ್ಲಿ ಎಡ ಚಕ್ರ ಗುಂಡಿಗೆ ಇಳಿದು ಏಳುವಾಗ ಕೆಳಗಿನಿಂದ ‘ಟಕ್’ ಎಂಬ ಸದ್ದು ಬರುತ್ತಿತ್ತು. ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಎಡಕ್ಕೆ ಎಳೆಯುತ್ತಿತ್ತು. ಸುಂಟಿಕೊಪ್ಪ, ಮಾದಾಪುರದ ಕಡೆಯ ತಿರುವುಗಳಲ್ಲಿ ಕಾಫಿ ಮೂಟೆ ಹೇರಿಕೊಂಡು ಇಳಿಯುವವರಿಗೆ ಈ ಮೂರನೆಯದು ಎಷ್ಟು ಅಪಾಯದ್ದು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಕೇಳಿದವರೆಲ್ಲ ಕೊಟ್ಟ ಸಲಹೆ ಒಂದೇ: ‘ಅಲೈನ್‌ಮೆಂಟ್ ಮಾಡಿಸಿ ನೋಡಿ.’ ನನಗೆ ಅದು ಒಪ್ಪಿಗೆಯಾಗಲಿಲ್ಲ. ಅಲೈನ್‌ಮೆಂಟ್ ಎಂದರೆ ಚಕ್ರಗಳ ಕೋನಗಳನ್ನು ಅಳೆದು ಸರಿಯಾಗಿ ಕೂರಿಸುವುದು. ಆ ಕೋನಗಳನ್ನು ಹಿಡಿದಿಡಬೇಕಾದ ಜಾಯಿಂಟುಗಳೇ, ಕೀಲುಗಳ ಒಳಗೆ ಕೂರುವ ರಬ್ಬರಿನಂಥ ಬುಷ್‌ಗಳೇ ಸಡಿಲವಾಗಿದ್ದರೆ, ಯಂತ್ರದ ಮುಂದೆ ಗಾಡಿ ನಿಂತಿದ್ದಾಗ ಸಿಕ್ಕ ಅಳತೆ ಮೊದಲ ಗುಂಡಿ ಹತ್ತಿಳಿಯುವಷ್ಟರಲ್ಲಿ ಬೇರೆಯಾಗಿರುತ್ತದೆ. ಅಲ್ಲಾಡುತ್ತಿರುವುದು ಯಾವುದು ಎಂದು ಮೊದಲು ಹುಡುಕಬೇಕು, ಅದನ್ನು ಬದಲಾಯಿಸಬೇಕು, ಅಳತೆ ಆಮೇಲೆ. ಈ ಕ್ರಮವನ್ನು ತಿರುಗುಮುರುಗು ಮಾಡಿದರೆ ಹಣವೂ ಹೋಗುತ್ತದೆ, ಟೈರೂ ಸವೆಯುತ್ತದೆ.

ನಮ್ಮದು ಹಳೆಯ ಬಗೆಯ ಗಾಡಿ. ಮುಂದಿನ ಪ್ರತಿ ಚಕ್ರಕ್ಕೂ ಅದನ್ನು ಛಾಸಿಗೆ ಸೇರಿಸುವ ಆರ್ಮ್ ಮೇಲೊಂದು, ಕೆಳಗೊಂದು ಇವೆ. ಸ್ಪ್ರಿಂಗ್‌ನಂತೆ ತಿರುಚಿಕೊಂಡು ಭಾರ ಹೊರುವ ಉಕ್ಕಿನ ಸರಳು, ಅಂದರೆ ಟಾರ್ಷನ್ ಬಾರ್, ಕೆಳಗಿನ ಆರ್ಮ್‌ಗೆ ಕೂತಿದೆ. ಸ್ಟಿಯರಿಂಗ್ ಬಾಕ್ಸ್‌ನ ಪಿಟ್‌ಮನ್ ಆರ್ಮ್ ನಡುವಿನ ಲಿಂಕನ್ನು ತಳ್ಳುತ್ತದೆ, ಅದರ ಇನ್ನೊಂದು ತುದಿಯನ್ನು ಎಡಗಡೆ ಛಾಸಿಗೆ ಬಿಗಿದ ಐಡ್ಲರ್ ಆರ್ಮ್ ಹಿಡಿದುಕೊಂಡಿರುತ್ತದೆ, ಆ ಲಿಂಕ್‌ನಿಂದ ಎರಡೂ ಚಕ್ರಗಳಿಗೆ ಟೈ ರಾಡ್ ಹೋಗುತ್ತದೆ. ಸ್ಟಿಯರಿಂಗ್ ಬಾಕ್ಸ್ ಬದಲು ಹಲ್ಲಿನ ಸರಳು (ರ್ಯಾಕ್) ಇರುವ ಹೊಸ ಗಾಡಿಗಳಲ್ಲಿ ಪಿಟ್‌ಮನ್, ಐಡ್ಲರ್ ಇರುವುದಿಲ್ಲ. ಉಳಿದ ಪರೀಕ್ಷೆ ಹೆಚ್ಚುಕಡಿಮೆ ಇದೇ.

ಗಾಡಿಯ ಕೆಳಗೆ ಮಲಗುವ ಮೊದಲು ತೊಂದರೆ ಯಾವಾಗ ಬರುತ್ತದೆ ಎಂದು ಬಿಡಿಬಿಡಿಯಾಗಿ ಬರೆದುಕೊಂಡೆ. ಬ್ರೇಕ್ ಒತ್ತಿದಾಗ ಮಾತ್ರ ಎಳೆಯುವುದು ಬೇರೆ, ಸದಾ ಎಳೆಯುವುದು ಬೇರೆ. ಒಂದು ನಿರ್ದಿಷ್ಟ ವೇಗದಲ್ಲಿ ಸ್ಟಿಯರಿಂಗ್ ನಡುಗಿ, ವೇಗ ಹೆಚ್ಚಿಸಿದರೆ ನಿಲ್ಲುವುದಾದರೆ ಅದು ಬಹುಪಾಲು ಚಕ್ರದ ಬ್ಯಾಲೆನ್ಸ್‌ಗೆ ಸಂಬಂಧಪಟ್ಟದ್ದು. ಕೊಡಗಿನ ಮಳೆಗಾಲದಲ್ಲಿ ಈ ನಡುಕಕ್ಕೆ ಇನ್ನೂ ಸರಳವಾದ ಕಾರಣವಿದೆ: ತೋಟದ ಕೆಂಪು ಜೇಡಿ ರಿಮ್‌ನ ಒಳಮೈಗೆ ಒಂದೇ ಕಡೆ ಮೆತ್ತಿಕೊಂಡು ಒಣಗಿರುತ್ತದೆ. ಬ್ಯಾಲೆನ್ಸ್ ಮಾಡಿಸಲು ಹೋಗುವ ಮೊದಲು ರಿಮ್‌ನ ಒಳಭಾಗವನ್ನು ಕೆರೆದು ತೊಳೆಯಿರಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಎಡಕ್ಕೆ ಎಳೆತ ಎಂದರೆ ಇನ್ನೂ ಎರಡು ವಿಷಯ ನೋಡಬೇಕು. ನಮ್ಮ ರಸ್ತೆಗಳ ಮೇಲ್ಮೈ ನೀರು ಹರಿಯಲೆಂದು ಅಂಚಿಗೆ ಇಳಿಜಾರಾಗಿರುತ್ತದೆ; ಎಡಬದಿಯಲ್ಲಿ ಓಡುವ ಗಾಡಿ ಕೊಂಚ ಎಡಕ್ಕೆ ಜಾರುವುದು ಸಹಜ. ಎರಡನೆಯದು ಟೈರ್. ಗಾಳಿ ಸಮನಾಗಿ ತುಂಬಿಸಿ, ಮುಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಿ ಓಡಿಸಿದೆ. ಎಳೆತ ಬಲಕ್ಕೆ ತಿರುಗಿದ್ದರೆ ದೋಷ ಟೈರಿನದೇ ಎಂದು ಅಲ್ಲಿಗೇ ನಿಲ್ಲಿಸಬಹುದಿತ್ತು, ತಿರುಗಲಿಲ್ಲ. ಟೈರಿನ ಮೇಲ್ಮೈಯನ್ನು ಅಂಗೈಯಿಂದ ಅಡ್ಡಕ್ಕೆ ಸವರಿದಾಗ ಒಳಗಿನಿಂದ ಹೊರಕ್ಕೆ ನುಣುಪಾಗಿ, ಹೊರಗಿನಿಂದ ಒಳಕ್ಕೆ ಚೂಪಾಗಿ ತಾಗುತ್ತಿತ್ತು. ಹೀಗೆ ಒಂದೇ ದಿಕ್ಕಿಗೆ ಅಂಚು ಏಳುವುದು ಟೋ, ಅಂದರೆ ಮುಂದಿನ ಚಕ್ರಗಳ ಮುಂಬದಿ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ, ತಪ್ಪಿರುವುದರ ಗುರುತು. ಒಂದೇ ಬದಿ ಸವೆದಿದ್ದರೆ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಕಡೆಗೂ, ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಷಾಕ್ ಅಬ್ಸಾರ್ಬರ್ ಅಥವಾ ಬ್ಯಾಲೆನ್ಸ್ ಕಡೆಗೂ ನೋಡಬೇಕು.

ನಮ್ಮ ಕೈಲ್ ಮುಹೂರ್ತ ಹಬ್ಬ ಕಳೆದು ಮಳೆ ಇಳಿದ ಮೇಲೆ ಕೆಲಸಕ್ಕೆ ಇಳಿದೆ. ಆಗ ಕಾಫಿ ಕಣ ಖಾಲಿ ಇರುತ್ತದೆ. ಸಿಮೆಂಟಿನ ಕಣಕ್ಕಿಂತ ಒಳ್ಳೆಯ ಜಾಗ ತೋಟದಲ್ಲಿ ಬೇರೆ ಇಲ್ಲ. ಹಸಿ ಮಣ್ಣಿನಲ್ಲಿ ಜಾಕಿ ಓರೆಯಾಗಿ ಹೂತುಹೋಗುತ್ತದೆ. ಕಣಕ್ಕೂ ಸ್ವಲ್ಪ ಇಳಿಜಾರು ಇರುವುದರಿಂದ ಹಿಂದಿನ ಚಕ್ರಗಳಿಗೆ ಮುಂದೂ ಹಿಂದೂ ಮರದ ತುಂಡು ಕೊಟ್ಟೆ. ಚಕ್ರ ಎತ್ತುವ ಪರೀಕ್ಷೆಗಳಿಗೆ ಛಾಸಿಯ ಕೆಳಗೆ ಸ್ಟ್ಯಾಂಡ್ ಇಟ್ಟೆ. ಬರೀ ಜಾಕಿ ನಂಬಿ, ಕಲ್ಲು ಪೇರಿಸಿ ಗಾಡಿಯಡಿ ತಲೆ ಹಾಕುವವರನ್ನು ನೋಡಿದರೆ ನನಗೆ ಇಂದಿಗೂ ಎದೆ ನಡುಗುತ್ತದೆ.

ಮೊದಲ ಪರೀಕ್ಷೆಗೆ ಜಾಕಿಯೇ ಬೇಡ. ನಾಲ್ಕೂ ಚಕ್ರ ನೆಲದ ಮೇಲಿರಬೇಕು, ಭಾರ ಅವುಗಳ ಮೇಲಿರಬೇಕು. ತಂಗಿಯ ಮಗ ಸ್ಟಿಯರಿಂಗ್ ಹಿಡಿದು ಕುಳಿತ. ಪವರ್ ಸ್ಟಿಯರಿಂಗ್ ಆದ್ದರಿಂದ ಎಂಜಿನ್ ಚಾಲೂ, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಗಿ. ಅವನು ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ಅಂಗೈ ಅಗಲದಷ್ಟೇ ಆಡಿಸುತ್ತಿದ್ದ. ನಾನು ಸ್ಟಿಯರಿಂಗ್ ಬಾಕ್ಸ್‌ನಿಂದ ಶುರುಮಾಡಿ ಒಂದೊಂದೇ ಜಾಯಿಂಟಿನ ಮೇಲೆ ಬೆರಳಿಟ್ಟು ನೋಡುತ್ತ ಬಂದೆ. ಕಣ್ಣಿಗೆ ಕಾಣದ ಸಡಿಲವೂ ಬೆರಳಿಗೆ ತಿಳಿಯುತ್ತದೆ. ಸ್ಟಿಯರಿಂಗ್ ಕಾಲಮ್‌ನ ಯೂನಿವರ್ಸಲ್ ಜಾಯಿಂಟ್ ಸರಿಯಿತ್ತು. ಬಾಕ್ಸನ್ನು ಛಾಸಿಗೆ ಬಿಗಿದ ಬೋಲ್ಟ್‌ಗಳು ಬಿಗಿಯಾಗಿದ್ದವು. ಒರಟು ರಸ್ತೆಯಲ್ಲಿ ಓಡುವ ಗಾಡಿಗಳಲ್ಲಿ ಇವು ಸಡಿಲವಾಗುವುದೂ, ಆ ಜಾಗದಲ್ಲಿ ಛಾಸಿಯೇ ಬಿರುಕು ಬಿಡುವುದೂ ಉಂಟು. ಬಾಕ್ಸ್‌ಗೆ ಹೋಗುವ ಶಾಫ್ಟ್ ತಿರುಗಿದ ಕೂಡಲೇ ಪಿಟ್‌ಮನ್ ಆರ್ಮ್ ಕದಲುತ್ತಿತ್ತು, ಅಂದರೆ ಬಾಕ್ಸ್‌ನ ಒಳಗೆ ದೊಡ್ಡ ದೋಷವಿಲ್ಲ.

ಎಡಗಡೆಗೆ ಬಂದಾಗ ಉತ್ತರ ಸಿಕ್ಕಿತು. ‘ಮಾವ, ಇಲ್ಲಿ ಸ್ಟಿಯರಿಂಗ್ ತಿರುಗುತ್ತಿದೆ, ಚಕ್ರ ತಿರುಗುತ್ತಿಲ್ಲವಲ್ಲ’ ಎಂದು ಅವನು ಕಿಟಕಿಯಿಂದ ಬಾಗಿ ಹೇಳುವುದಕ್ಕೂ, ಐಡ್ಲರ್ ಆರ್ಮ್ ಅಡ್ಡಕ್ಕೆ ಹೋಗುವ ಬದಲು ಮೊದಲು ಮೇಲೆ ಕೆಳಗೆ ಕುಣಿಯುವುದನ್ನು ನಾನು ಕಾಣುವುದಕ್ಕೂ ಸರಿಹೋಯಿತು. ಅದರ ಬುಷ್ ಸವೆದಿತ್ತು. ನಡುವಿನ ಲಿಂಕ್‌ನ ಒಂದು ತುದಿ ಏರಿಳಿದರೆ ಆ ಬದಿಯ ಟೈ ರಾಡ್‌ನ ಕೋನ ಬದಲಾಗುತ್ತದೆ, ಟೋ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ನೇರ ರಸ್ತೆಯ ಅಲೆದಾಟಕ್ಕೂ ಟೈರಿನ ಚೂಪು ಅಂಚಿಗೂ ಇದೇ ಮೂಲ. ಇಂಥ ಅಲೆದಾಟ ಕಂಡಾಗ ಸ್ಟಿಯರಿಂಗ್ ಬಾಕ್ಸ್‌ನ ಮೇಲಿನ ಸ್ಕ್ರೂ ಬಿಗಿಮಾಡಿ ಕಳುಹಿಸುವ ರೂಢಿ ಕೆಲವು ಗ್ಯಾರೇಜ್‌ಗಳಲ್ಲಿದೆ. ಅದು ತಪ್ಪು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಅತಿಯಾಗಿ ಬಿಗಿದರೆ ಬಾಕ್ಸ್ ಹಿಡಿದುಕೊಳ್ಳುತ್ತದೆ, ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ. ಘಾಟಿಯಲ್ಲಿ ಒಂದರ ಬೆನ್ನಿಗೆ ಇನ್ನೊಂದು ತಿರುವು ಬರುವ ನಮ್ಮ ಊರಿನಲ್ಲಿ ಅದು ಮೊದಲಿನ ದೋಷಕ್ಕಿಂತ ಕೆಟ್ಟದ್ದು.

‘ಟಕ್’ ಸದ್ದಿಗೆ ಬಾಲ್ ಜಾಯಿಂಟ್ ಮೇಲೆ, ಅಂದರೆ ಆರ್ಮನ್ನು ಚಕ್ರ ಕೂರುವ ಲೋಹದ ಭಾಗಕ್ಕೆ (ನಕಲ್‌ಗೆ) ಸೇರಿಸುವ ಗುಂಡು ಕೀಲಿನ ಮೇಲೆ, ಅನುಮಾನವಿತ್ತು. ಈ ಪರೀಕ್ಷೆಯಲ್ಲಿ ಜಾಕಿ ಎಲ್ಲಿಡುತ್ತೀರಿ ಎಂಬುದೇ ಮುಖ್ಯ. ನಮ್ಮಲ್ಲಿ ಟಾರ್ಷನ್ ಬಾರ್ ಕೆಳಗಿನ ಆರ್ಮನ್ನು ಒತ್ತುವುದರಿಂದ ಗಾಡಿಯ ಭಾರ ಹೊರುವುದು ಕೆಳಗಿನ ಬಾಲ್ ಜಾಯಿಂಟ್. ಛಾಸಿಗೆ ಜಾಕಿ ಕೊಟ್ಟು ಎತ್ತಿದರೆ ಆರ್ಮ್ ಕೆಳಕ್ಕೆ ಜೋತು, ಟಾರ್ಷನ್ ಬಾರ್‌ನ ಒತ್ತಡ ಜಾಯಿಂಟನ್ನು ಬಿಗಿಯಾಗಿಯೇ ಇಡುತ್ತದೆ. ಸವೆದ ಜಾಯಿಂಟೂ ಹೊಸದರಂತೆ ತೋರುತ್ತದೆ. ಜಾಕಿಯನ್ನು ಕೆಳಗಿನ ಆರ್ಮ್‌ನ ಅಡಿಗೆ, ಜಾಯಿಂಟಿಗೆ ಹತ್ತಿರದಲ್ಲಿ ಕೊಟ್ಟು ಚಕ್ರವನ್ನು ನೆಲದಿಂದ ಒಂದೆರಡು ಇಂಚು ಎತ್ತಬೇಕು. ಹಾಗೆ ಎತ್ತಿ, ತೋಟದ ಹಾರೆಯನ್ನು ಟೈರಿನಡಿಗೆ ತೂರಿಸಿ ಮೀಟಿದೆ. ಎಡ ಚಕ್ರ ಮೇಲೆದ್ದಾಗ ಆರ್ಮ್‌ಗೂ ನಕಲ್‌ಗೂ ನಡುವೆ ಜಾಯಿಂಟ್ ಎದ್ದುಬಿದ್ದದ್ದು ಸ್ಪಷ್ಟವಾಗಿ ಕಂಡಿತು, ಅದೇ ಸದ್ದೂ ಕೇಳಿತು. ಬಲಗಡೆ ಏನೂ ಇರಲಿಲ್ಲ.

ಆ ಸಡಿಲ ವೀಲ್ ಬೇರಿಂಗ್‌ನದಲ್ಲ ಎಂದು ಖಚಿತಪಡಿಸಿಕೊಳ್ಳಲು ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸುತ್ತ ಹುಡುಗನಿಗೆ ಬ್ರೇಕ್ ಒತ್ತಲು ಹೇಳಿದೆ. ಬ್ರೇಕ್ ಒತ್ತಿದಾಗ ಅಲುಗಾಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್. ನಿಲ್ಲಲಿಲ್ಲ. ಎಡಬಲಕ್ಕೆ ಹಿಡಿದು ಅಲ್ಲಾಡಿಸುವುದು ಟೈ ರಾಡ್ ಎಂಡ್‌ಗಳಿಗೆ, ಅವು ಗಟ್ಟಿಯಾಗಿದ್ದವು.

ಜಾಯಿಂಟಿನ ರಬ್ಬರ್ ಹೊದಿಕೆ (ಬೂಟ್) ಹರಿದು ಒಳಗೆ ಕೆಸರು ಹೊಕ್ಕಿತ್ತು. ಎಲ್ಲ ದೋಷಗಳೂ ಎಡಗಡೆಯೇ ಏಕೆ ಎಂದರೆ, ಕಿರಿದಾದ ರಸ್ತೆಯಲ್ಲಿ ಎದುರಿಗೆ ಬಸ್ಸೋ ಮರದ ಲಾರಿಯೋ ಬಂದಾಗ ದಾರಿ ಬಿಡಲು ಡಾಂಬರಿನಿಂದ ಕೆಳಗಿಳಿಯುವುದು ನಮ್ಮ ಎಡ ಚಕ್ರ. ಮಳೆಗೆ ಅಂಚಿನ ಮಣ್ಣು ಕೊಚ್ಚಿಹೋಗಿ ಅಲ್ಲಿ ಗೇಣುದ್ದದ ಇಳಿತ ಇರುತ್ತದೆ. ಆ ಪೆಟ್ಟನ್ನು ತಿನ್ನುವುದು ಎಡಗಡೆಯ ಆರ್ಮ್, ಜಾಯಿಂಟ್, ಬುಷ್‌ಗಳೇ.

ಬ್ರೇಕ್ ಒತ್ತಿದಾಗಿನ ಎಳೆತಕ್ಕೆ ಮೊದಲು ಬ್ರೇಕನ್ನೇ ನೋಡಿದೆ. ಬಲಗಡೆಯ ಕ್ಯಾಲಿಪರ್ ಸರಿಯಾಗಿ ಹಿಡಿಯದಿದ್ದರೂ ಗಾಡಿ ಎಡಕ್ಕೇ ಹೋಗುತ್ತದೆ. ಎರಡೂ ಕ್ಯಾಲಿಪರ್‌ಗಳ ಗೈಡ್ ಪಿನ್‌ಗಳು ಸಲೀಸಾಗಿ ಜಾರುತ್ತಿದ್ದವು, ಪ್ಯಾಡ್‌ಗಳು ಸಮನಾಗಿ ಸವೆದಿದ್ದವು. ಉಳಿದದ್ದು ಕೆಳಗಿನ ಆರ್ಮ್‌ನ ಬುಷ್. ಹಾರೆಯ ತುದಿಯನ್ನು ಆರ್ಮ್‌ಗೂ ಛಾಸಿಗೂ ನಡುವೆ ಇಟ್ಟು ಹಿಂದುಮುಂದಕ್ಕೆ ಮೀಟಿದಾಗ ಎಡಗಡೆಯ ಆರ್ಮ್ ಹಿಂದಕ್ಕೆ ಸರಿದುಹೋಯಿತು. ರಬ್ಬರ್ ಲೋಹದಿಂದ ಬಿಟ್ಟುಕೊಂಡಿತ್ತು. ಬ್ರೇಕ್ ಬಿದ್ದ ಕೂಡಲೇ ಚಕ್ರದ ಕೆಳಭಾಗ ಹಿಂದಕ್ಕೆ ಸರಿಯುತ್ತದೆ, ಆ ಬದಿಯ ಕ್ಯಾಸ್ಟರ್ (ಸ್ಟಿಯರಿಂಗ್‌ಗೆ ಚಕ್ರ ಹೊರಳುವ ಅಕ್ಷ ಮೇಲ್ಗಡೆ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ, ಗಾಡಿ ಕ್ಯಾಸ್ಟರ್ ಕಡಿಮೆ ಇರುವ ಕಡೆಗೆ ಎಳೆಯುತ್ತದೆ. ನಿಂತ ಗಾಡಿಯನ್ನು ಯಂತ್ರದಲ್ಲಿ ಎಷ್ಟು ಅಳೆದರೂ ಇದು ಕಾಣುವುದಿಲ್ಲ.

ಬಿಡಿಭಾಗಗಳನ್ನು ಮೈಸೂರಿನಿಂದ ಬಸ್ಸಿನಲ್ಲಿ ತರಿಸಿಕೊಂಡೆ. ರೈಲಿಲ್ಲದ ನಮ್ಮ ಜಿಲ್ಲೆಗೆ ಇದೇ ದಾರಿ. ಹಾಕುವಾಗ ಕೆಲವು ವಿಷಯಗಳಲ್ಲಿ ಹಟ ಹಿಡಿಯಬೇಕು. ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಬಿಡಿಸುವಾಗ ಸ್ಟಡ್‌ನ ತಲೆಗೆ ಹೊಡೆದು ಥ್ರೆಡ್ ಕೆಡಿಸಬಾರದು, ಪುಲ್ಲರ್ ಹಾಕಬೇಕು. ಕಾಸಲ್ ನಟ್‌ನ ಕಿಂಡಿ ಕಾಟರ್ ಪಿನ್‌ನ ತೂತಿಗೆ ಸರಿಹೊಂದದಿದ್ದರೆ ಇನ್ನೂ ಮುಂದಕ್ಕೆ ಬಿಗಿಯಬೇಕೇ ಹೊರತು ಹಿಂದಕ್ಕೆ ಸಡಿಲಿಸಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು ಆರ್ಮ್‌ನ ಬುಷ್ ಬೋಲ್ಟ್. ಆರ್ಮ್ ಜೋತಾಡುತ್ತಿರುವಾಗಲೇ ಅದನ್ನು ಪೂರ್ತಿ ಬಿಗಿದರೆ, ಗಾಡಿ ಇಳಿಸಿದ ಕೂಡಲೇ ಬುಷ್‌ನ ರಬ್ಬರ್ ತಿರುಚಿಕೊಳ್ಳುತ್ತದೆ. ಸದಾ ತಿರುಚಿದ ಸ್ಥಿತಿಯಲ್ಲೇ ಇದ್ದು ಬೇಗ ಹರಿಯುತ್ತದೆ. ನಾನು ಬೋಲ್ಟನ್ನು ಕೈಬಿಗಿ ಮಾಡಿ, ಗಾಡಿಯನ್ನು ನಾಲ್ಕು ಚಕ್ರಗಳ ಮೇಲೆ ನಿಲ್ಲಿಸಿ, ಕುಲುಕಿ ಕೂರಿಸಿದ ಮೇಲೆ ಬಿಗಿದೆ. ‘ಹೊಸ ಬುಷ್ ಹಾಕಿಸಿದರೂ ಬಾಳಲಿಲ್ಲ’ ಎಂದು ದೂರುವವರು ಬಹಳ ಮಂದಿ ಇದ್ದಾರೆ. ಬುಷ್ ಕಳಪೆ ಎನ್ನುವ ಮೊದಲು ಅದನ್ನು ಹೇಗೆ ಬಿಗಿದರು ಎಂದು ಕೇಳಬೇಕು.

ಆಮೇಲೆ ಎತ್ತರದ ಅಳತೆ. ಖಾಲಿ ಗಾಡಿಯಲ್ಲಿ, ಟೈರ್ ಗಾಳಿ ಸಮನಾಗಿಟ್ಟು, ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಎರಡೂ ಕಡೆ ಅಳೆದೆ. ಎಡಗಡೆ ಕುಸಿದಿತ್ತು, ಟಾರ್ಷನ್ ಬಾರ್‌ನ ಹೊಂದಾಣಿಕೆ ಬೋಲ್ಟ್ ತಿರುಗಿಸಿ ಸಮ ಮಾಡಿದೆ. ಎತ್ತರ ಬದಲಾದರೆ ಕ್ಯಾಂಬರ್, ಟೋ ಎರಡೂ ಬದಲಾಗುವುದರಿಂದ ಇದೂ ಅಲೈನ್‌ಮೆಂಟ್‌ಗಿಂತ ಮೊದಲೇ ಆಗಬೇಕು. ಕುಶಾಲನಗರದವರೆಗೆ ಟೈರ್ ತಿನ್ನದೆ ಹೋಗಲು ಟೋವನ್ನು ಮನೆಯಲ್ಲೇ ಹತ್ತಿರಕ್ಕೆ ತಂದುಕೊಂಡೆ: ಮುಂದಿನ ಟೈರ್‌ಗಳ ಹಿಂಬದಿಯಲ್ಲಿ, ಹಬ್‌ನ ಎತ್ತರದಲ್ಲಿ, ಎರಡಕ್ಕೂ ಸುಣ್ಣದ ಗುರುತು ಹಾಕಿ ನಡುವಿನ ದೂರ ಅಳೆಯುವುದು, ಗಾಡಿಯನ್ನು ಮುಂದಕ್ಕೆ ತಳ್ಳಿ ಅದೇ ಗುರುತುಗಳು ಮುಂಬದಿಗೆ ಬಂದಾಗ ಮತ್ತೆ ಅಳೆಯುವುದು. ಎರಡರ ವ್ಯತ್ಯಾಸವೇ ಟೋ.

ಅಲೈನ್‌ಮೆಂಟ್ ಆದ ಮೇಲೆ ಕುಶಾಲನಗರದ ನೇರ ರಸ್ತೆಯಲ್ಲಿ ಗಾಡಿ ತನ್ನ ದಾರಿ ಬಿಡಲಿಲ್ಲ, ಆನೆಕಾಡಿನ ತಿರುವುಗಳಲ್ಲಿ ಸ್ಟಿಯರಿಂಗ್ ತಾನಾಗಿ ಮರಳಿತು, ಇಳಿಜಾರಿನ ಬ್ರೇಕ್ ನೇರವಾಗಿ ಹಿಡಿಯಿತು. ಖಾಲಿ ಗಾಡಿಯ ಪರೀಕ್ಷೆಯಷ್ಟೇ ಸಾಲದೆಂದು ಗೊಬ್ಬರದ ಮೂಟೆ ಹೇರಿಯೂ ಓಡಿಸಿದೆ. ಹಿಂದಿನ ಆಕ್ಸಲ್‌ಗಿಂತ ಹಿಂದಕ್ಕೆ ಭಾರ ಬಿದ್ದರೆ ಮುಂಭಾಗ ಹಗುರವಾಗಿ, ದೋಷವಿಲ್ಲದ ಗಾಡಿಯೂ ತೇಲಾಡುತ್ತದೆ. ಮೂಟೆಗಳನ್ನು ಕ್ಯಾಬಿನ್‌ಗೆ ಒತ್ತಿ ಜೋಡಿಸಿದರೆ ಆ ತೇಲಾಟ ನಿಲ್ಲುತ್ತದೆ. ಈಗ ಪ್ರತಿ ಮಳೆಗಾಲದ ಮೊದಲು ಬೂಟ್‌ಗಳು ಹರಿದಿವೆಯೇ ಎಂದು ಟಾರ್ಚ್ ಹಿಡಿದು ನೋಡುತ್ತೇನೆ. ನಿಪ್ಪಲ್ ಇರುವ ಜಾಯಿಂಟ್‌ಗಳಿಗೆ, ಹಳೆಯ ಗ್ರೀಸ್ ನೀರಿನೊಂದಿಗೆ ಹೊರಬರುವವರೆಗೆ, ಹೊಸ ಗ್ರೀಸ್ ಒತ್ತುತ್ತೇನೆ.