ಕಲ್ಯಾಣ ಕರ್ನಾಟಕದ ಕಲಾವಿದರು ಅಮೆರಿಕದ ಕೆಲಸದ ವೀಸಾಕ್ಕೆ ಸಿದ್ಧರಾಗುವ ಬಗೆ

ಕಲಬುರಗಿಯ ತತ್ವಪದಕಾರರಿಗಾಗಲಿ, ಯಾದಗಿರಿಯ ಹಲಗೆ ಮೇಳದವರಿಗಾಗಲಿ, ಬೀದರಿನ ಬಿದರಿ ಕುಶಲಕರ್ಮಿಗಳಿಗಾಗಲಿ ಅಮೆರಿಕದ ಕನ್ನಡ ಸಂಘದಿಂದ ಆಹ್ವಾನ ಬಂದರೆ, ಆ ಪತ್ರವೊಂದರಿಂದಲೇ ಅಲ್ಲಿ ವೇದಿಕೆ ಏರುವ ಹಕ್ಕು ಸಿಗುವುದಿಲ್ಲ. ವೃತ್ತಿಪರ ಕಲಾವಿದರು ಸಂಭಾವನೆ ಪಡೆಯದೆ ಹಾಡಿದರೂ ಸಾಮಾನ್ಯವಾಗಿ ಪ್ರವಾಸಿ ವೀಸಾ ಸಾಲದು. ಸಂಘಟಕರು ಎಷ್ಟೇ ವಿಶ್ವಾಸದಿಂದ ‘ಸದ್ಯ ಪ್ರವಾಸಿ ವೀಸಾದಲ್ಲಿ ಬಂದುಬಿಡಿ’ ಎಂದರೂ ಒಪ್ಪಬೇಡಿ. ಅಲ್ಲಿನ ವಿಮಾನ ನಿಲ್ದಾಣದಿಂದ ಹಿಂದಕ್ಕೆ ಕಳುಹಿಸಿದರೆ ಆ ದಾಖಲೆ ಮುಂದಿನ ಅರ್ಜಿಗಳಿಗೂ ಅಡ್ಡಿಯಾಗುತ್ತದೆ.

ಒ-1 ವೀಸಾ ಅಸಾಧಾರಣ ಸಾಧನೆ ಮಾಡಿದ ಒಬ್ಬೊಬ್ಬ ಕಲಾವಿದರಿಗೆ ಮೀಸಲು. ಒಂದು ಸಮುದಾಯದ ವಿಶಿಷ್ಟ ಕಲೆಯನ್ನು ಪ್ರದರ್ಶಿಸುವವರಿಗೆ ಅಥವಾ ಕಲಿಸುವವರಿಗೆ ಇರುವುದು ಪಿ-3. ಇದರ ಅನುಮತಿ ಒಮ್ಮೆಗೆ ಗರಿಷ್ಠ 1 ವರ್ಷ. ನಮ್ಮ ಭಾಗದ ಜನಪದ ಕಲಾವಿದರಿಗೂ ಬಿದರಿ ಕಾರ್ಯಾಗಾರ ನಡೆಸುವವರಿಗೂ ಪಿ-3 ಹೆಚ್ಚು ಹೊಂದುತ್ತದೆಂಬುದು ನನ್ನ ಅಭಿಪ್ರಾಯ.

ಅಮೆರಿಕದ ವಲಸೆ ಇಲಾಖೆಗೆ ಹೋಗುವ ಮೊದಲ ಅರ್ಜಿಯಾದ ಐ-129 ನಮೂನೆಯನ್ನು ಕಲಾವಿದರು ಸಲ್ಲಿಸುವಂತಿಲ್ಲ. ಅಮೆರಿಕದ ಸಂಘಟಕರು ಅಥವಾ ಏಜೆಂಟರು, ಒಪ್ಪಂದ, ಕಾರ್ಯಕ್ರಮಗಳ ದಿನಾಂಕ ಮತ್ತು ಸ್ಥಳಗಳ ಪಟ್ಟಿ ಹಾಗೂ ಅಲ್ಲಿನ ಕಲಾವಿದರ ಕಾರ್ಮಿಕ ಸಂಘಟನೆಯ ಅಭಿಪ್ರಾಯ ಪತ್ರದೊಂದಿಗೆ ಅದನ್ನು ಸಲ್ಲಿಸಬೇಕು. 2024ರ ಏಪ್ರಿಲ್‌ನಲ್ಲಿ ಪಿ ವರ್ಗದ ಶುಲ್ಕ 460 ಡಾಲರ್‌ಗಳಿಂದ 1,015ಕ್ಕೆ ಏರಿತು; ಲಾಭರಹಿತ ಸಂಘಗಳಿಗೆ ಅದು 510 ಆಯಿತು. ಒಂದು ಅರ್ಜಿಯಲ್ಲಿ 25 ಹೆಸರುಗಳಿಗಷ್ಟೇ ಅವಕಾಶವಿರುವುದರಿಂದ ದೊಡ್ಡ ಮೇಳಕ್ಕೆ ಎರಡು ಅರ್ಜಿಗಳು ಬೇಕಾಗುತ್ತವೆ. ಕಾರ್ಯಕ್ರಮಕ್ಕೆ ಒಂದು ವರ್ಷ ಮುಂಚೆಯೇ ಅರ್ಜಿ ಹಾಕಲು ಅವಕಾಶವಿರುವಾಗ ಕೊನೆಯ ಎರಡು ತಿಂಗಳವರೆಗೆ ಕಾಯುವುದು ತರವಲ್ಲ.

ನಮ್ಮವರು ನಿಜವಾಗಿ ಸೋಲುವುದು ಪುರಾವೆಯ ವಿಷಯದಲ್ಲಿ. ರಾತ್ರಿಯಿಡೀ ಭಜನೆ ನಡೆಸಿ, ಊರೂರಿನ ಜಾತ್ರೆಗಳಲ್ಲಿ ದಶಕಗಟ್ಟಲೆ ಹಾಡಿದವರ ಬಳಿಯೂ ತೋರಿಸಲು ಒಂದು ಕಾಗದ ಇರುವುದಿಲ್ಲ. ಆದ್ದರಿಂದ ಆಹ್ವಾನ ಬರುವ ಮೊದಲೇ ಸಂಗ್ರಹ ಆರಂಭಿಸಿ. ಪತ್ರಿಕೆಯ ವರದಿಯನ್ನು ಕತ್ತರಿಸಿಡುವ ಬದಲು ಪತ್ರಿಕೆಯ ಹೆಸರು, ದಿನಾಂಕ, ಪುಟಸಂಖ್ಯೆ ಕಾಣುವಂತೆ ಇಡೀ ಪುಟವನ್ನು ಸ್ಕ್ಯಾನ್ ಮಾಡಿಸಿ. ಕನ್ನಡದ ಪ್ರತಿಯೊಂದು ದಾಖಲೆಗೂ ಪೂರ್ಣ ಇಂಗ್ಲಿಷ್ ಅನುವಾದ ಬೇಕು. ಅನುವಾದ ಸಂಪೂರ್ಣವೂ ನಿಖರವೂ ಆಗಿದೆ, ತಮಗೆ ಎರಡೂ ಭಾಷೆಗಳು ಬರುತ್ತವೆ ಎಂದು ಅನುವಾದಕರು ದೃಢೀಕರಿಸಿ ಸಹಿ ಮಾಡಬೇಕು.

ಇದಕ್ಕಿಂತಲೂ ತೂಕವಿರುವುದು ತಜ್ಞರ ಪತ್ರಕ್ಕೆ. ಗುಲಬರ್ಗಾ ವಿಶ್ವವಿದ್ಯಾಲಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಅಥವಾ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಲ್ಲಿ ಆ ಕಲೆಯನ್ನು ಬಲ್ಲ ಪ್ರಾಧ್ಯಾಪಕರನ್ನು ಕೇಳಿಕೊಳ್ಳಿ. ‘ಇವರು ಉತ್ತಮ ಗಾಯಕರು’ ಎಂಬ ಹೊಗಳಿಕೆಯಿಂದ ಪ್ರಯೋಜನವಿಲ್ಲ. ತಮ್ಮ ಅರ್ಹತೆಯೇನು, ಈ ಕಲಾವಿದರನ್ನು ಎಲ್ಲಿ, ಹೇಗೆ ಬಲ್ಲೆವು, ಕಡಕೋಳ ಮಡಿವಾಳಪ್ಪನವರ ಪದಗಳನ್ನು ಏಕತಾರಿಯೊಂದಿಗೆ ಹಾಡುವ ಈ ಪರಂಪರೆ ಇತರ ಭಕ್ತಿಗಾಯನಕ್ಕಿಂತ ಹೇಗೆ ಭಿನ್ನ ಎಂಬುದನ್ನು ಪತ್ರ ವಿವರಿಸಬೇಕು. ಕರ್ನಾಟಕದ ಹೆಸರನ್ನೇ ಕೇಳದ ಅಧಿಕಾರಿ ಅದನ್ನು ಓದುತ್ತಾರೆಂಬುದನ್ನು ಬರೆಯುವವರಿಗೆ ತಿಳಿಸಿ.

ಹೆಸರಿನ ಕಾಗುಣಿತವನ್ನೂ ನೋಡಿಕೊಳ್ಳಿ. ಆಧಾರ್‌ನಲ್ಲಿ ಶರಣಪ್ಪ, ಪ್ರಶಸ್ತಿ ಪತ್ರದಲ್ಲಿ ಶರ್ಣಪ್ಪ, ಕರಪತ್ರದಲ್ಲಿ ಊರಿನ ಹೆಸರೂ ಸೇರಿದ ಇನ್ನೊಂದು ರೂಪವಿದ್ದರೆ ಅನುಮಾನಕ್ಕೆ ಎಡೆಯಾಗುತ್ತದೆ; ಒಪ್ಪಂದ ಮತ್ತು ಅರ್ಜಿಗಳಲ್ಲಿ ಪಾಸ್‌ಪೋರ್ಟಿನ ರೂಪವನ್ನೇ ಬಳಸಿ. 2014ರ ನವೆಂಬರ್ 1ರಂದು ಗುಲಬರ್ಗಾ ಕಲಬುರಗಿಯಾದ ಕಾರಣ ಹಳೆಯ ದಾಖಲೆಗಳಲ್ಲಿ ಬೇರೆ ಹೆಸರಿರುತ್ತದೆ. ಅವೆರಡೂ ಒಂದೇ ಊರೆಂದು ಅನುವಾದದ ಜೊತೆ ಒಂದು ಸಾಲಿನ ಟಿಪ್ಪಣಿ ಸೇರಿಸಿ.

ಅರ್ಜಿ ಮಂಜೂರಾದ ಬಳಿಕ ಪ್ರತಿಯೊಬ್ಬರೂ ವೀಸಾ ಅರ್ಜಿಯಾದ ಡಿಎಸ್-160 ನಮೂನೆ ತುಂಬಿ, ತಲಾ 205 ಡಾಲರ್ ವೀಸಾ ಶುಲ್ಕ ಕಟ್ಟಬೇಕು. ಶುಲ್ಕಗಳು ಬದಲಾಗುವುದುಂಟು, ಕಟ್ಟುವ ಮುನ್ನ ಪರಿಶೀಲಿಸಿ. ವೀಸಾ ಸಂದರ್ಶನ ನಡೆಯುವ ಅಮೆರಿಕದ ಕಾನ್ಸುಲೇಟ್ ಕಚೇರಿಗಳ ಪೈಕಿ ನಮ್ಮ ಮೂರು ಜಿಲ್ಲೆಗಳಿಗೂ ಚೆನ್ನೈಗಿಂತ ಹೈದರಾಬಾದ್ ಹತ್ತಿರ. ಬೆರಳಚ್ಚು ನೀಡುವುದಕ್ಕೂ ಸಂದರ್ಶನಕ್ಕೂ ಬೇರೆ ಬೇರೆ ಸಮಯ ನಿಗದಿಯಾಗುವುದರಿಂದ ಅಲ್ಲಿ ರಾತ್ರಿ ಉಳಿಯುವ ವ್ಯವಸ್ಥೆ ಮಾಡಿಕೊಳ್ಳಿ. ಪಿ-3 ಕೋರುವವರು ಊರಿಗೆ ಮರಳುವರೆಂಬುದು ಅಧಿಕಾರಿಗೆ ಮನವರಿಕೆಯಾಗಬೇಕು. ಹೊಲದ ಪಹಣಿ, ಸಂಸಾರದ ವಿವರ, ಮುಂದಿನ ಕಾರ್ಯಕ್ರಮಗಳ ಪತ್ರಗಳು ಕೈಯಲ್ಲಿರಲಿ. ಬಾಯಿಪಾಠದ ಉತ್ತರಗಳ ಬದಲು ಎಲ್ಲಿ, ಎಷ್ಟು ದಿನ, ಯಾರ ಖರ್ಚಿನಲ್ಲಿ ಹಾಡುತ್ತೀರಿ ಎಂಬುದನ್ನು ಮೇಳದ ಪ್ರತಿಯೊಬ್ಬರೂ ತಿಳಿದಿರಬೇಕು. ವೀಸಾ ಅಂಟಿಸಿದ ಪಾಸ್‌ಪೋರ್ಟ್ ಕೈಸೇರಿ, ಅದರಲ್ಲಿನ ಹೆಸರು ಮತ್ತು ದಿನಾಂಕಗಳನ್ನು ಸರಿನೋಡಿಕೊಂಡ ಮೇಲಷ್ಟೇ ವಿಮಾನದ ಟಿಕೆಟ್‌ಗೆ ಹಣ ಕಟ್ಟಿ.