ಕೊನೆ ಪುಟದ ಚೀಟಿಯಲ್ಲಿ ಸಿಕ್ಕಿದ ಇಸವಿ

"ದಾಖಲೆಯೇ ಇಲ್ಲ, ಇತಿಹಾಸ ಎಂತದ್ದು ಮಾರಾಯ್ರೆ?" ಎಂದು, ನಮ್ಮೂರ ಗ್ರಂಥಾಲಯ ಶುರುವಾದ ಇಸವಿ ಹುಡುಕುತ್ತೇನೆ ಎಂದಾಗ, ಅದರ ಸಮಿತಿಯವರು ನಕ್ಕಿದ್ದರು. ಕುಂದಾಪುರದ ಹತ್ತಿರ, ಕಡಲಿಗೆ ತಾಗಿದ ಸಣ್ಣ ಊರು ನಮ್ಮದು. ಗ್ರಂಥಾಲಯದ ಹಳೇ ರಿಜಿಸ್ಟರುಗಳು ಗೆದ್ದಲಿನ ಹೊಟ್ಟೆ ಸೇರಿ ಎಷ್ಟೋ ಕಾಲವಾಗಿತ್ತು. ಬೋರ್ಡಿನಲ್ಲಿ ಸ್ಥಾಪನೆ 1962 ಎಂದಿತ್ತು. ಸುವರ್ಣ ಮಹೋತ್ಸವವೂ ಮುಗಿದಿತ್ತು. ಆದರೆ 1965ರ ಮೈಸೂರು ಕಾಯ್ದೆಗೆ ಮೊದಲೇ ಮದ್ರಾಸಿನಲ್ಲಿ 1948ರ ಗ್ರಂಥಾಲಯ ಕಾಯ್ದೆ ಇತ್ತು. ನಮ್ಮ ಜಿಲ್ಲೆ ಆಗ ಮದ್ರಾಸಿನದ್ದೇ ಅಲ್ವಾ? ಗ್ರಂಥಾಲಯ 1962ಕ್ಕಿಂತ ಹಳೆಯದಿರಬೇಕು ಎಂಬ ನನ್ನ ಅನುಮಾನ ಅಲ್ಲಿಂದ.

ಮೊದಲು ಹಿರಿಯರನ್ನು ಕೇಳಿದೆ. ಹದಿನೈದು ಮನೆ, ಹದಿನೈದು ಇಸವಿ. ಚಾ ಮಾತ್ರ ಎಲ್ಲ ಕಡೆ ಚೆನ್ನಾಗಿತ್ತು.

ಆಮೇಲೆ ಪುಸ್ತಕದ ಬೆಲೆ ನೋಡಿದೆ. ಆಣೆಯಲ್ಲಿದ್ದರೆ ಹೆಚ್ಚುಕಮ್ಮಿ 1957ಕ್ಕಿಂತ ಹಳೆಯದು. ಅಂಥವು ನಲವತ್ತು ಚಿಲ್ಲರೆ ಸಿಕ್ಕಿದವು. ಕುಣಿದುಬಿಟ್ಟೆ. ನಿವೃತ್ತ ಮೇಷ್ಟ್ರೊಬ್ಬರು, "ಯಾರೋ ಹಳೇ ಪುಸ್ತಕ ದಾನ ಕೊಟ್ಟಿರಬಹುದಲ್ಲ?" ಎಂದರು. ಕುಣಿತ ನಿಂತಿತು.

ಸರಿ, ಗ್ರಂಥಾಲಯದ ಮೊಹರು ನೋಡೋಣ ಎಂದೆ. ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ಏಳು ಪುಸ್ತಕದಲ್ಲಿ 'ಮದ್ರಾಸ್' ಎಂದೇ ಇತ್ತು. ನಾವು ಮದ್ರಾಸ್ ಬಿಟ್ಟದ್ದು 1956ರ ನವೆಂಬರ್ 1ಕ್ಕೆ. ಆದರೆ ಹಳೇ ಮೊಹರನ್ನು ಯಾರು ಎಸೆಯುತ್ತಾರೆ? ದಕ್ಷಿಣ ಕನ್ನಡದಿಂದ ಬೇರೆಯಾಗಿ ಉಡುಪಿ ಜಿಲ್ಲೆಯಾದದ್ದು 1997ರಲ್ಲಿ, ನಮ್ಮೂರಿನ ಒಂದು ಅಂಗಡಿ ಬಿಲ್ಲಿನಲ್ಲಿ ಈಗಲೂ 'ದ.ಕ.' ಇದೆ.

ಉಳಿದದ್ದು ಕೊನೆ ಪುಟದ ತಾರೀಕು ಚೀಟಿ, ಪುಸ್ತಕ ಒಯ್ದಾಗ ವಾಪಸು ಕೊಡಬೇಕಾದ ತಾರೀಕು ಒತ್ತುವ ಕಾಗದ. ಅದು ತುಂಬಿದರೆ ಅದರ ಮೇಲೇ ಇನ್ನೊಂದು ಅಂಟಿಸುತ್ತಿದ್ದರು. ಅಡಿಯದ್ದು ಬೇಕು. ಕೆಟಲಿನ ಆವಿ ಹಿಡಿದೆ. ಅಂಟು ಬಿಡುವ ಮೊದಲು ನೇರಳೆ ಶಾಯಿ ಹರಡಿತು. ಎರಡು ಪುಸ್ತಕ ಹಾಳು. ಒದ್ದೆ ಬಟ್ಟೆ ಇಟ್ಟೆ. ಆಷಾಢದ ಮಳೆ, ಬೂಸ್ಟು ಹಿಡಿಯಿತು. ಕೊನೆಗೆ ಉಪಾಯ ಹೊಳೆದದ್ದು ಅಡುಗೆಮನೆಯಲ್ಲಿ. ಅದನ್ನು ಈಗ ಹೇಳುವುದಿಲ್ಲ. ಪಕ್ಕದೂರಿನವರ ಪುಸ್ತಕಗಳೂ ನನ್ನ ಮನೆಗೆ ಬಂದು ಕೂತಿವೆ.

ನಡುವೆ ಇನ್ನೊಂದು ಹುಚ್ಚು. ಹುಳ ಬಿದ್ದ ಪುಸ್ತಕಗಳನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ಪರಿಚಯದವರ ಐಸ್‌ಕ್ರೀಂ ಫ್ರೀಜರಿನಲ್ಲಿ ವಾರವಿಟ್ಟೆ. ಹುಳ ಸತ್ತವು. ಆದರೆ ತೆಗೆದ ಕೂಡಲೇ ಬಿಚ್ಚಿದೆ, ನಮ್ಮ ಸೆಕೆಗೆ ಪುಟವೆಲ್ಲ ಬೆವರಿತು. ಎರಡನೇ ಸಲ ಒಂದು ದಿನ ಸುತ್ತಿದ ಹಾಗೇ ಬಿಟ್ಟೆ, ಏನೂ ಆಗಲಿಲ್ಲ.

ಖರ್ಚು ಹದಿನೆಂಟು ಸಾವಿರದ ಹತ್ತಿರ. ಜಾಸ್ತಿ ಹೋದದ್ದು ಸ್ಕ್ಯಾನಿಂಗ್‌ಗೆ. ಸಮಿತಿ ಕೊಟ್ಟದ್ದು ಎರಡು ಸಾವಿರ, ಅದೂ ಕೆಲಸ ಗೆದ್ದ ಮೇಲೆ.

ಗೆದ್ದದ್ದು ಹೀಗೆ: ಒಂದು ಪುಸ್ತಕದಲ್ಲಿ ಮೂರು ಚೀಟಿ ಎಬ್ಬಿಸಿದಾಗ ಅಡಿಯಲ್ಲಿ 14 ಮಾರ್ಚ್ 1954. ಒಂದೇ ಆಗಿದ್ದರೆ ತಾರೀಕಿನ ಅಚ್ಚು ತಪ್ಪಿದೆ ಎನ್ನುತ್ತಿದ್ದರು. ನಾಲ್ಕು ಪುಸ್ತಕದಲ್ಲಿ ಅದೇ ವರ್ಷ ಬಂತು. ಸಮಿತಿಯವರು ಸುಮ್ನೆ ಬೋರ್ಡ್ ಇಳಿಸಿದರು. ಇಸವಿ ತಿದ್ದಿದ ಪೇಂಟರಿಗೆ ಇನ್ನೂರು ರೂಪಾಯಿ ಕೊಟ್ಟದ್ದೂ ನಾನೇ.